ಹತ್ತು ಮೊಳದ ನೀರು

ಒಂದಾನೊಂದು ಕಾಲದಲ್ಲಿ, ತೀರಾ ಹಳೇ ಕಾಲ ಏನಲ್ಲ ಪುಟ್ಟಿ, ಕಬ್ಬಿಣದ ಪೈಪು ಸಿಗ್ತಿದ್ದ ಕಾಲವೇ, ಸಮುದ್ರದ ಬದಿಯ ಮರಳುನೆಲದ ಊರಲ್ಲಿ ಬುದವಂತಿ ಅಂತ ಒಬ್ಬಳಿದ್ದಳಂತೆ. ಅವಳ ಗಂಡ ಬೊಮ್ಮು, ಮನೇಲಿ ಒಬ್ಬಳು ಅತ್ತೆ, ಮನೆ ಹಿಂದೆ ಒಂದು ಹಿತ್ತಿಲು, ಬೇಲಿಯಾಚೆ ಸಮುದ್ರದ ಉಪ್ಪು ನುಗ್ಗೋ ಹೊಳೆ. ಅವಳ ಅಮ್ಮ ಸಾಯೋ ಮುಂಚೆ ಒಂದು ಹಿಡಿ ಸಿಹಿ ಈರುಳ್ಳಿ ಬೀಜ ಕೊಟ್ಟಿದ್ದಳಂತೆ. ಆ ಬೀಜ ಇಟ್ಟರೆ ಕೆಡ್ತದೆ, ವರ್ಷ ವರ್ಷ ಬಿತ್ತಿ, ಹೂ ಬಿಡಿಸಿ, ಹೊಸ ಬೀಜ ಮಾಡ್ಕೋಬೇಕು. ಇದ್ದದ್ದನ್ನೆಲ್ಲ ಬಿತ್ತಿದಳು, ಸಸಿ ಬೆರಳುದ್ದ ಬಂತು, ಊರ ಕೆರೆ ಒಣಗಿತು. ಈ ಸಸಿ ಹೋದರೆ ಅಮ್ಮನ ಈರುಳ್ಳಿ ಭೂಮಿ ಮೇಲೆ ಇನ್ನೆಲ್ಲೂ ಇಲ್ಲ.

ಆಮೇಲೆ ಗಂಡ ಹೆಂಡತಿ, ನಾವೇ ಕೊಳವೆಬಾವಿ ಕೊರೆಯೋಣ ಅಂದ್ಕೊಂಡರಂತೆ. ಹೇಗೆ ಅಂತೀಯಾ? ನೆಲದಲ್ಲಿ ಒಂದು ಗುಂಡಿ, ಗುಂಡಿಗೆ ನೀರು, ಮರಳು ಕುಸೀಬಾರದು ಅಂತ ನೀರಿಗೆ ಸೆಗಣಿ. ನಡುವೆ ಪೈಪು ನಿಲ್ಲಿಸಿ ಗಂಡ ಎತ್ತಿ ಎತ್ತಿ ಕುಕ್ಕೋದು, ಹೆಂಡತಿ ಪೈಪಿನ ಮೇಲಿನ ಬಾಯನ್ನ ಎತ್ತುವಾಗ ಅಂಗೈಲಿ ಮುಚ್ಚೋದು, ಕುಕ್ಕುವಾಗ ತೆಗೆಯೋದು, ಕುಕ್ಕಿದ ಹಾಗೆಲ್ಲ ಒಳಗಿನ ಮರಳು ರಾಡಿಯಾಗಿ ಮೇಲೆ ಬರೋದು. ನೀರು ಬರಬೇಕಾದರೆ ಮೊದಲು ನೀರು ಹಾಕಬೇಕಲ್ಲ, ಪಕ್ಕದೂರ ಬಾವಿಯಿಂದ ಸಸಿಗೆ ಅಂತ ಹೊತ್ತು ತಂದ ಕೊಡಗಳನ್ನೆಲ್ಲ ಬುದವಂತಿ ಆ ಗುಂಡಿಗೇ ಸುರಿದಳಂತೆ.

ಮೊದಲು ಈಶಾನ್ಯ ಮೂಲೇಲಿ ಕುಕ್ಕಿದರು, ಅತ್ತೆ ಅಲ್ಲೇ ಅಂದಿದ್ದಳು. ಐದು ಮೊಳಕ್ಕೆ ಚಿರೆಕಲ್ಲು, ಗಟ್ಟಿ ಕೆಂಪು ಕಲ್ಲು, ಅಡ್ಡ ಬಂತು. ಪೈಪಿನ ಮೂತಿ ಸೊಟ್ಟಗಾಯ್ತು. ಒಂದು ಸಾಲು ಸಸಿ ಬಾಡಿತು.

ಆಮೇಲೆ ಮೂತಿ ಕೊಯ್ದು ಬಿಸಾಕಿ, ಹೊಳೆ ಕಡೆ ಬೇಲಿ ಹತ್ರ ಕುಕ್ಕಿದರಂತೆ. ಹತ್ತು ಮೊಳಕ್ಕೆ ನೀರು ಬಂತು. ಬುದವಂತಿ ಬೆರಳು ಅದ್ದಿ ನೆಕ್ಕಿದಳು, ಎಳನೀರಿನ ಹಾಗಿತ್ತಂತೆ. ಸಾಕು ಮಾರಾಯ್ರೇ ನಿಲ್ಸಿ, ಅಂದಳು. ಬೊಮ್ಮು ಕೇಳ್ತಾನಾ? ಹತ್ತಕ್ಕೆ ಇಷ್ಟಾದ್ರೆ ಇಪ್ಪತ್ತಕ್ಕೆ ಎಷ್ಟು, ಲೆಕ್ಕ ಬರೋಲ್ವೇನೇ ನಿಂಗೆ, ಅಂದನಂತೆ. ಅತ್ತೆನೂ, ಗಂಡಸು ಕುಕ್ತೀನಿ ಅಂತಿರುವಾಗ ನಿಂದೇನು ಅಡ್ಡಬಾಯಿ, ಅಂದಳು. ಇಪ್ಪತ್ತು ಮೊಳ ಆಯ್ತು. ಕೈಪಂಪು ಕೂರಿಸಿದರೆ ಭರ್ರೋ ಅಂತ ನೀರು! ಸಂತೋಷದಲ್ಲಿ ಯಾರೂ ಮತ್ತೆ ನೆಕ್ಕಿ ನೋಡಲಿಲ್ಲ. ಸಂಜೆ ಸಸಿ ಮಡಿಗೆಲ್ಲ ಎರೆದರು. ಎರಡನೇ ದಿನಕ್ಕೆ ಸಸಿ ತುದಿಯಿಂದ ಸುಟ್ಟ ಹಾಗಾಯ್ತು, ಮಣ್ಣಿನ ಮೇಲೆ ಬಿಳಿ ಉಪ್ಪು.

ಅಂಥಾ ನೆಲದಲ್ಲಿ ಸಿಹಿನೀರು ಹಾಲಿನ ಕೆನೆ ಹಾಗೆ ಮೇಲಿರ್ತದೆ ಪುಟ್ಟಿ, ಕೆಳಗೆಲ್ಲ ಸಮುದ್ರ.

ಬುದವಂತಿ ಅಳಲಿಲ್ಲವಂತೆ. ಮಡಿಯಲ್ಲಿ ಕೂತು ಒಂದೊಂದೇ ಸಸಿ ಮುಟ್ಟಿ, ಇದು ಹೋಯ್ತು, ಇದೂ ಹೋಯ್ತು, ಅಂತ ಹೇಳ್ತಾ ಹೋದಳಂತೆ. ಬೊಮ್ಮು ನಾಚಿಕೆಗೆ ಗದ್ದೆ ಕಡೆ ನಡೆದುಬಿಟ್ಟ. ಊಟಕ್ಕೆ ಕರೆದರೂ ಏಳಲಿಲ್ಲ ಅವಳು. ಎದ್ದು ಮಾಡೋದಾದರೂ ಏನಿತ್ತು?

ಆಮೇಲೆ ಅತ್ತೆ ಬಂದು ನಿಂತಳಂತೆ. ತಪ್ಪಾಯ್ತು ಅನ್ನೋ ಮಾತು ಅವಳ ನಾಲಿಗೆಗೆ ಬರೋದಲ್ಲ. ಹೆಣ್ಣೇ, ಮೂಲೇಲಿ ಇನ್ನೂ ಹತ್ತಿಪ್ಪತ್ತು ಸಸಿ ಹಸಿರಿದೆ ಕಾಣು, ಪೈಪು ನೀ ಎತ್ತು, ಅಂಗೈ ನಾ ಹಿಡೀತೆ, ಅಂದಳು.

ಉಪ್ಪಿನ ತೂತಿಗೆ ಜೇಡಿಮಣ್ಣು ಜಡಿದು, ಹೊಳೆಯಿಂದ ದೂರ, ಮನೆ ಗೋಡೆ ಬುಡಕ್ಕೆ ಇಬ್ಬರೂ ಕುಕ್ಕಿದರಂತೆ. ಹೆಂಗಸರ ತೋಳು, ದಿನಕ್ಕೆ ಮೂರು ಮೊಳ. ಮೊಳಮೊಳಕ್ಕೂ ಬುದವಂತಿ ನೆಕ್ಕಿ ಉಗುಳಿದಳು, ಬರೀ ಸೆಗಣಿ. ನಾಲ್ಕನೇ ದಿನ ಹತ್ತು ಮೊಳಕ್ಕೆ ಸಿಹಿ. ಸೊಂಟದ ಮೇಲೆ ಕೈಯಿಟ್ಟು ಅಲ್ಲೇ ನಿಲ್ಲಿಸಿದಳು. ಪಂಪು ಹತ್ತು ಸಲ ಒತ್ತಿದರೆ ಒಂದು ಚೊಂಬು, ಆಮೇಲೆ ಕಾಯಬೇಕು.

ಕಾದಳಂತೆ.

ಉಳಿದದ್ದು ಹದಿನೇಳು ಸಸಿ. ಆ ವರ್ಷ ಆ ಮನೇಲಿ ಯಾರೂ ಆ ಈರುಳ್ಳಿ ತಿನ್ನಲಿಲ್ಲ. ಬೊಮ್ಮು ಒಂದು ಗೆಡ್ಡೆ ಕೇಳಿದ್ದಕ್ಕೆ ಅವನ ಅಮ್ಮನೇ ಕೈಮೇಲೆ ಹೊಡೆದಳಂತೆ. ಎಲ್ಲವನ್ನೂ ಹೂವಿಗೆ ಬಿಟ್ಟರು, ಬುದವಂತಿಯ ಸೆರಗಿಗೆ ಕರೀ ಬೀಜ ಬಂತು, ಅರ್ಧ ಹಿಡಿ. ಅಷ್ಟರಲ್ಲೇ ಸುಖವಾಗಿದ್ದರಂತೆ. ಕತೆ ಆಯ್ತು, ನಿದ್ದೆ ಬಾಕಿ, ಕಣ್ಮುಚ್ಚು.