ಹೇಬೆಲನನ್ನು ಹೊತ್ತ ಹೆಗಲು

ಪೂಜ್ಯ ಜ್ಞಾನನಾಥ ಸ್ವಾಮಿಗಳು ಚರ್ಚಿನ ಪಕ್ಕದ ಗುರುಮನೆಯಲ್ಲಿ ತಮ್ಮ ಅಡುಗೆಯನ್ನು ತಾವೇ ಮಾಡಿಕೊಳ್ಳುತ್ತಿದ್ದರು. ಒಂದು ಶನಿವಾರ ಜಗಲಿಯಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದಾಗ ಇನ್ನಾಸಪ್ಪನವರು ಸೊಸೆ ಲೂರ್ದಮ್ಮನೊಡನೆ ಬಂದರು. ಆಕೆಯ ತೋಳಲ್ಲಿ ಹಸುಗೂಸು. ಮರುದಿನ ಅದಕ್ಕೆ ಜ್ಞಾನಸ್ನಾನ, ಪವಿತ್ರಜಲ ಸುರಿದು ಹೆಸರಿಡುವ ವಿಧಿ.

ಹಿರಿಯ ಮೊಮ್ಮಗನಿಗೆ ತಾತನ ಹೆಸರಿಡುವುದು ಆ ಊರ ಕ್ರೈಸ್ತರ ರೂಢಿ. ಹಾಗೆ ಇನ್ನಾಸಪ್ಪನೆಂದೇ ಹೆಸರು ಪಡೆದಿದ್ದ ಲೂರ್ದಮ್ಮನ ಚೊಚ್ಚಲ ಮಗು ಹಿಂದಿನ ವರ್ಷ ಜ್ವರದಲ್ಲಿ ತೀರಿಕೊಂಡಿತ್ತು. ಅಂದಿನಿಂದ ತಾತ ಅವನ ಮಾತೇ ಎತ್ತಿರಲಿಲ್ಲ. ಈಗ ಈ ಮಗುವಿಗೂ ಅದೇ ಹೆಸರಿಡಬೇಕೆಂದು ಅವರ ಹಟ.

“ಹೆಸರು ನಂದು ಸ್ವಾಮಿ. ನಾನೇ ಇನ್ನೂ ಬದುಕಿದೀನಿ, ಇವಳಿಗೇನು ಕಷ್ಟ?”

“ಆ ಹೆಸರಿಗೆ ಒಬ್ಬ ಆಗಲೇ ಓಗೊಟ್ಟಿದಾನೆ, ಮಾವ.”

“ಹೋದವನನ್ನ ವಂಶದಲ್ಲಿ ಯಾರಮ್ಮ ಲೆಕ್ಕ ಹಿಡೀತಾರೆ? ಸ್ವಾಮಿಗಳೇ ಓದಿದ್ರಲ್ಲ, ಬೈಬಲಿನ ವಂಶಾವಳಿಯಲ್ಲಿ ಆದಾಮ ಆದಮೇಲೆ ಅವನ ಮಗ ಸೇತ. ಅಣ್ಣನ ಕೈಲಿ ಸತ್ತ ಇನ್ನೊಬ್ಬ ಮಗ ಹೇಬೆಲನ ಸುದ್ದಿಯೇ ಇಲ್ಲ!”

ಸ್ವಾಮಿಗಳ ಮುಖ ಅರಳಿತು. ಮೊರವನ್ನು ಬದಿಗೆ ಸರಿಸಿ, ಅವರೆಕಾಳುಗಳನ್ನು ನೆಲದ ಮೇಲೆ ಸಾಲಾಗಿ ಇಡತೊಡಗಿದರು. “ಆದಾಮ, ಸೇತ, ಎನೋಷ...” ಒಂಬತ್ತನೆಯ ಕಾಳು ಲೆಮೆಕ, ನೋಹನ ತಂದೆ.

“ವರ್ಷಗಳನ್ನು ಕೂಡಿಸಿದ್ದೀರಾ, ಇನ್ನಾಸಪ್ಪನವರೇ? ಲೆಮೆಕ ಹುಟ್ಟುವಾಗ ಆದಾಮನಿಗೆ ಎಂಟುನೂರ ಎಪ್ಪತ್ತನಾಲ್ಕು. ಅವನು ಬದುಕಿದ್ದು ಒಂಬೈನೂರ ಮೂವತ್ತು ವರ್ಷ. ಲೆಮೆಕನ ಮೀಸೆ ನರೆಯುವವರೆಗೂ ತಾತ ಇದ್ದ!”

ಇನ್ನಾಸಪ್ಪನವರು ಬಾಗಿ ಕಾಳುಗಳನ್ನು ತಾವೇ ಎಣಿಸಿದರು. “ಅಬ್ಬಾ! ಇವರೆಲ್ಲರನ್ನೂ ಕಣ್ಣಾರೆ ಕಂಡನೇ?”

“ಕಂಡ. ಹೇಬೆಲನನ್ನು ಹೆಗಲ ಮೇಲೆ ಹೊತ್ತಿದ್ದ ತಂದೆ ಅಷ್ಟು ಮೊಮ್ಮಕ್ಕಳ ನಡುವೆ ಬಾಯಿ ಮುಚ್ಚಿ ಕುಳಿತಿದ್ದನೇನು? ಸೇತನಿಗೆ ಹೆಸರಿಡುವಾಗ ತಾಯಿ ಹವ್ವಳು ಹೇಬೆಲನನ್ನು ನೆನೆದಳು. ಅವನ ಹೆಸರನ್ನು ಮಾತ್ರ ಅವನಿಗೇ ಬಿಟ್ಟಳು.” ಸ್ವಾಮಿಗಳ ದನಿ ಇಳಿಯಿತು. “ಈ ಮಗುವಿಗೆ ಅಣ್ಣನೊಬ್ಬನಿದ್ದನೆಂದು ಹೇಳುವವರು ಯಾರು?”

ಇನ್ನಾಸಪ್ಪನವರು ಎದ್ದು ಹೋದರು.

ಭಾನುವಾರ ಚರ್ಚಿನಲ್ಲಿ ಸ್ವಾಮಿಗಳು ಮಗುವಿನ ಹೆಸರು ಕೇಳಿದರು. ಲೂರ್ದಮ್ಮ ತಲೆ ತಗ್ಗಿಸಿದಳು.

“ರಾಯಪ್ಪ,” ಎಂದರು ಇನ್ನಾಸಪ್ಪನವರು ಗಟ್ಟಿಯಾಗಿ.

ಪವಿತ್ರಜಲ ತಲೆಗೆ ಬಿದ್ದೊಡನೆ ಮಗು ಕಿರುಚಿತು. ತಾತ ಅದನ್ನು ಎತ್ತಿಕೊಂಡರು, ನೆರೆದ ಸಭೆಯನ್ನೇ ಮರೆತರು.

“ಅಳಬೇಡ ಕಣೋ. ನಿನ್ನಣ್ಣ ಇದಕ್ಕಿಂತ ಜೋರಾಗಿ ಅತ್ತಿದ್ದ. ಇಲ್ಲೇ, ಇದೇ ನೀರಿಗೆ. ನನ್ನ ಮೀಸೆ ಹಿಡಿದು ಎಳೆದಿದ್ದ, ಪೋಕರಿ...”