ಒಂದು ಗೇಣು ಕೆಳಗೆ

ಬೊಮ್ಮನಗುಡ್ಡ ಎಂಬ ಸಣ್ಣ ಪಾಳೆಯಪಟ್ಟಿನಲ್ಲಿ ಗಾದ್ರಪ್ಪ ನಾಯಕ ಎಂಬ ಪಾಳೆಯಗಾರನಿದ್ದ. ಅವನಿಗೆ ಮೂರು ಬೇಟೆನಾಯಿಗಳಿದ್ದವು. ಒಂದು ವರ್ಷ ಗುಡ್ಡದ ಚಿರತೆಯೊಂದಕ್ಕೆ ಊರಿನ ನಾಯಿಗಳ ರುಚಿ ಹತ್ತಿತು. ಒಂದೇ ತಿಂಗಳಲ್ಲಿ ಅದು ನಾಯಕನ ಎರಡು ನಾಯಿಗಳನ್ನು ಹೊತ್ತುಕೊಂಡು ಹೋಯಿತು. ಉಳಿದದ್ದು ಚಿಗರಿ ಒಂದೇ.

ಚಿಗರಿ ತೆಳ್ಳಗಿನ ಮೈಯ, ಉದ್ದ ಕಾಲಿನ, ಬೂದು ಬಣ್ಣದ ಹೆಣ್ಣು ನಾಯಿ. ನಾಯಕನಿಗೆ ಅದರ ಮೇಲೆ ಪ್ರಾಣ. ಅವನು ಊಟಕ್ಕೆ ಕೂತರೆ ಮೊದಲ ತುತ್ತು ಅದಕ್ಕೆ. "ನೀವು ತಾಳಿ ಕಟ್ಟಿದ್ದು ನನಗೋ, ಚಿಗರಿಗೋ?" ಎಂದು ಹೆಂಡತಿ ಪಾಪಮ್ಮ ರೇಗಿಸುತ್ತಿದ್ದಳು. ನಾಯಕ ನಕ್ಕು ಎರಡನೆಯ ತುತ್ತನ್ನೂ ಅದಕ್ಕೇ ಹಾಕುತ್ತಿದ್ದ.

ಇನ್ನು ಚಿಗರಿಯ ಸರದಿ ಎಂದು ಊರೆಲ್ಲ ಮಾತಾಡಿಕೊಂಡಿತು. ಅವನ ಮನೆಯಲ್ಲಿ ಉದ್ದನೆಯ ಕೋವಿ ಇತ್ತು, ನಿಜ. ಆದರೆ ಅದಕ್ಕೆ ಮದ್ದು ತುಂಬಿ, ಬತ್ತಿ ಹಚ್ಚಿ, ಭುಜಕ್ಕೇರಿಸುವಷ್ಟರಲ್ಲಿ ಚಿರತೆ ಗುಡ್ಡ ಹತ್ತಿ ಒಂದು ನಿದ್ದೆ ಮಾಡಿ ಎದ್ದಿರುತ್ತಿತ್ತು. ಸೊಂಟದಲ್ಲಿ ಸಿಕ್ಕಿಸಿಕೊಳ್ಳುವಂಥ, ತೆಗೆದ ಕೂಡಲೇ ಹಾರುವಂಥ ಪಿಸ್ತೂಲು ಬೇಕಿತ್ತು. ಅದಕ್ಕೆ ನಾಯಕ ಮೌನಾಚಾರಿಯನ್ನು ಕರೆಸಿದ.

ಮೌನಾಚಾರಿ ಕೋವಿ ಮಾಡುವುದರಲ್ಲಿ ಆ ಸೀಮೆಗೆಲ್ಲ ಹೆಸರಾದ ಕಮ್ಮಾರ. ಹೆಸರು ಮೌನಾಚಾರಿಯಾದರೂ ಬಾಯಿ ಒಂದು ಗಳಿಗೆ ಸುಮ್ಮನಿರದು. ಏನು ಕಂಡರೂ "ಯಾಕೆ ಹಿಂಗೆ?" ಎಂದು ಕೇಳುವುದು ಅವನ ಹುಟ್ಟುಗುಣ. ಅವನು ನಾಯಕನ ಮುಂದೆ ಹಸಿ ಜೇಡಿಮಣ್ಣಿನ ಮುದ್ದೆ ಇಟ್ಟ.

"ಇದನ್ನ ಗಟ್ಟಿಯಾಗಿ ಹಿಡೀರಿ, ನಾಯಕ್ರೆ."

"ಪಿಸ್ತೂಲು ಕೇಳಿದ್ರೆ ಮಣ್ಣು ಕೊಡ್ತೀಯಲ್ಲೋ ಆಚಾರಿ!"

"ಹಿಡಿ ಮಾಡೋದಕ್ಕೆ ಕೈ ಅಳತೆ ಬೇಕು. ಅಂದ್ಹಂಗೆ ನಿಮ್ಮ ಕಿರುಬೆರಳು ಯಾಕೆ ಸೊಟ್ಟ ಐತೆ?"

"ಚಿಕ್ಕವನಿದ್ದಾಗ ಮರದಿಂದ ಬಿದ್ದಿದ್ದೆ."

"ಯಾವ ಮರ?"

"ಅದು ನಿನಗ್ಯಾಕೆ?"

"ಸುಮ್ನೆ ಕೇಳ್ದೆ" ಎಂದು ಮೌನಾಚಾರಿ ಮಣ್ಣಿನಲ್ಲಿ ಮೂಡಿದ ಬೆರಳ ಗುರುತುಗಳನ್ನು ಜೋಪಾನವಾಗಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದ.

ಎರಡು ತಿಂಗಳಿಗೆ ಪಿಸ್ತೂಲು ಬಂತು. ಅಲ್ಲಿಯವರೆಗೆ ನಾಯಕ ಚಿಗರಿಯನ್ನು ಮನೆಯಿಂದ ಹೊರಗೆ ಬಿಟ್ಟಿರಲಿಲ್ಲ. ಬೀಟೆ ಮರದ ಹಿಡಿ. ಸೊಟ್ಟ ಕಿರುಬೆರಳಿಗೂ ಅದರಲ್ಲಿ ಸೊಟ್ಟ ಜಾಗ ಇತ್ತು. ಕಿಡಿ ಹಾರಿಸಲು ಚಕಮಕಿ ಕಲ್ಲು. ಕೆಳಗೆ ಕುದುರೆ. ಕೋವಿಯ ಕುದುರೆ ಎಂದರೆ ಲಾಯದಲ್ಲಿ ಹುಲ್ಲು ತಿನ್ನುವುದಲ್ಲ ಮಕ್ಕಳೇ, ಬೆರಳಿಂದ ಎಳೆಯುವ ಕೀಲು. ನಳಿಗೆಯ ತುದಿಯಲ್ಲಿ ಗುರಿ ನೋಡಲು ಹಿತ್ತಾಳೆಯ ಒಂದು ಮಣಿ, ಜೋಳದ ಕಾಳಿನಷ್ಟು ಎತ್ತರದ್ದು. ಮಣಿಯನ್ನು ಎಲ್ಲಿ ಕೂರಿಸಿ ನೋಡುತ್ತೀರೋ ಗುಂಡು ಅಲ್ಲಿಗೆ ಹೋಗಬೇಕು. ನಾಯಕ ಹಿಡಿದು ನೋಡಿದ. ಪಿಸ್ತೂಲು ಕೈಯಲ್ಲಿ ಎಷ್ಟು ಚೆನ್ನಾಗಿ ಕೂತಿತೆಂದರೆ ಕೆಳಗಿಡಲು ಮನಸ್ಸೇ ಬರಲಿಲ್ಲ. ಅವತ್ತು ಉಣ್ಣುವಾಗಲೂ ಅದು ಅವನ ಎಡಗೈಯಲ್ಲಿತ್ತು.

ಮರುದಿನ ಹಿತ್ತಲಿನ ಮಣ್ಣಿನ ದಿಬ್ಬದ ಮೇಲೆ ಒಂದು ಗಡಿಗೆ ಇಟ್ಟು, ಹತ್ತು ಹೆಜ್ಜೆ ದೂರ ನಿಂತು ನಾಯಕ ಗುಂಡು ಹಾರಿಸಿದ. ಢಮ್! ಹೊಗೆ ಸರಿದಾಗ ಗಡಿಗೆ ನೆಟ್ಟಗೆ ಕೂತಿತ್ತು. ಗುಂಡು ಒಂದು ಗೇಣು ಕೆಳಗೆ ಮಣ್ಣಿಗೆ ಹೊಕ್ಕಿತ್ತು. ಮತ್ತೆ ಹೊಡೆದ. ಮತ್ತೆ ಒಂದು ಗೇಣು ಕೆಳಗೆ. ಮೂರು ದಿನ ಹೊಡೆದರೂ ಅಷ್ಟೇ. ಹೆಚ್ಚಿಲ್ಲ, ಕಡಿಮೆಯಿಲ್ಲ.

ಊರಿಗೆ ಇದೊಂದು ಸೋಜಿಗವಾಯಿತು. ಒಬ್ಬ ಮದ್ದು ತೇವವಾಗಿದೆ ಎಂದ. ಇನ್ನೊಬ್ಬ ನಳಿಗೆ ಸೊಟ್ಟ ಎಂದ. ಗಡಿಗೆಗೇ ಯಾರೋ ಮಂತ್ರ ಹಾಕಿದ್ದಾರೆ ಎಂದವರೂ ಇದ್ದರು. ನಾಯಕ ಕೆಂಡಾಮಂಡಲವಾಗಿ ಮೌನಾಚಾರಿಯನ್ನು ಕರೆಸಿದ. ಮೌನಾಚಾರಿ ಅದೇ ಜಾಗದಲ್ಲಿ ನಿಂತು ಅದೇ ಪಿಸ್ತೂಲಿನಿಂದ ಹೊಡೆದ. ಗಡಿಗೆ ಚೂರುಚೂರಾಯಿತು.

"ಯಾಕೆ ಹಿಂಗೆ?" ಎಂದು ಅವನೇ ತಲೆ ಕೆರೆದುಕೊಂಡ. ಕಾರಣ ಸಿಗದಿದ್ದರೆ ಅವನಿಗೆ ಅನ್ನ ಸೇರದು.

ಮರುದಿನ ಬೆಳಿಗ್ಗೆ ಬಂದವನೇ, "ನಾಯಕ್ರೆ, ಮದ್ದು ನಾನೇ ತುಂಬ್ತೀನಿ. ನೀವು ಹೊಡೀತಾ ಹೋಗಿ" ಎಂದ. ಪ್ರತಿ ಸಲವೂ ಬೆನ್ನು ತಿರುಗಿಸಿ ನಿಂತು ತುಂಬಿ ಕೊಟ್ಟ. ಎರಡು ಸಲ ಗುಂಡು ಹಾರಿತು. ಮೂರನೆಯ ಸಲ ಅವನು ಮದ್ದನ್ನೇ ಹಾಕಿರಲಿಲ್ಲ. ನಾಯಕನಿಗೆ ಅದು ಗೊತ್ತಿಲ್ಲ. ಗುರಿ ಹಿಡಿದ, ಕುದುರೆ ಎಳೆದ. "ಟಕ್" ಎಂದಿತು, ಅಷ್ಟೇ. ಸದ್ದಿಲ್ಲ, ಹೊಗೆಯಿಲ್ಲ. ಆದರೆ ಪಿಸ್ತೂಲಿನ ಮೂತಿ ಸರ್‍ರನೆ ಕೆಳಗಿಳಿದದ್ದು ಎಲ್ಲರಿಗೂ ಕಂಡಿತು. ಎಲ್ಲರೂ ಎಂದರೆ ನೋಡುತ್ತಿದ್ದದ್ದು ಆಚಾರಿ ಮತ್ತು ಹಿತ್ತಲ ಜಗಲಿಯ ಮೇಲೆ ಕೂತಿದ್ದ ಪಾಪಮ್ಮ.

"ಅಯ್ಯೋ, ಕಣ್ಣು ಮುಚ್ಚಿಬಿಟ್ರಲ್ಲ!" ಎಂದಳು ಪಾಪಮ್ಮ.

ನಾಯಕನ ಮುಖ ಕೆಂಪಾಯಿತು. ಮೌನಾಚಾರಿಗೆ ಮಾತ್ರ ಖುಷಿಯೋ ಖುಷಿ. "ಸಿಕ್ತು, ಸಿಕ್ತು! ಪಿಸ್ತೂಲಲ್ಲಿ ಏನೂ ಊನ ಇಲ್ಲ. ಸದ್ದು ಬರೋಕ್ಕಿಂತ ಮುಂಚೇನೇ ನಿಮ್ಮ ಕೈ ಸದ್ದಿಗೆ ಹೆದರ್ತೈತೆ."

"ಏನಂದೆ? ಗಾದ್ರಪ್ಪ ನಾಯಕ ಹೆದರೋದಾ?"

"ನೀವಲ್ಲ, ನಿಮ್ಮ ಕೈ. ಮೊದಮೊದಲು ನನ್ನ ಕೈಯೂ ಹೆದರ್ತಿತ್ತು. ಇಪ್ಪತ್ತೊಂದು ದಿನದ ಕೆಲಸ. ಚಕಮಕಿ ಕಲ್ಲು ತೆಗೆದು ಆ ಜಾಗಕ್ಕೆ ಮರದ ಚೂರು ಸಿಕ್ಕಿಸಿಕೊಡ್ತೀನಿ. ನಳಿಗೆ ಮೇಲೆ ಒಂದು ಹುಣಸೆ ಬೀಜ ಇಟ್ಕೊಂಡು, ಅದು ಬೀಳದ ಹಂಗೆ ದಿನಾ ನೂರು ಸಲ ಕುದುರೆ ಎಳೀರಿ. ಕೈ ತಾನಾಗೇ ನೆಟ್ಟಗಾಗ್ತೈತೆ."

ನಾಯಕ ಊರಿನವರ ಮುಖಗಳನ್ನು ನೆನೆಸಿಕೊಂಡ. ಹಿತ್ತಲಲ್ಲಿ ಹುಣಸೆ ಬೀಜ ಇಟ್ಟುಕೊಂಡು ಟಕ್ ಟಕ್ ಎನ್ನುವ ಪಾಳೆಯಗಾರ! ಯಾಕೆ ಎಂದು ಯಾರಾದರೂ ಕೇಳಿದರೆ ಏನು ಹೇಳುವುದು? ಹೆದರಿಕೆ ಬಿಡಿಸಿಕೊಳ್ಳುತ್ತಿದ್ದೇನೆ ಎನ್ನುವುದೇ? ನಾಲಿಗೆ ಸೀಳಿದರೂ ಆ ಮಾತು ಅವನ ಬಾಯಿಂದ ಬರುತ್ತಿರಲಿಲ್ಲ.

"ನೋಡು ಆಚಾರಿ, ಚಿರತೆ ಇಪ್ಪತ್ತೊಂದು ದಿನ ಕಾಯ್ಕೊಂಡು ಕೂತಿರಲ್ಲ. ಗುಂಡು ದಿನಾ ಒಂದೇ ಗೇಣು ಕೆಳಗೆ ಬೀಳ್ತೈತೆ ತಾನೆ? ಹಂಗಾದ್ರೆ ಗುಂಡು ಒಂದು ಗೇಣು ಮೇಲಕ್ಕೆ ಹೋಗೋ ಹಂಗೆ ಮಣೀನ ಅರ ಹಾಕಿ ಉಜ್ಜಿ ತಗ್ಗಿಸು."

ಮೌನಾಚಾರಿ ಬೆಚ್ಚಿಬಿದ್ದ. "ಬ್ಯಾಡ ನಾಯಕ್ರೆ. ಕೈ ಮಾಡೋ ತಪ್ಪನ್ನ ಕಬ್ಬಿಣಕ್ಕೆ ಕಲಿಸಬಾರ್ದು."

"ನನ್ನ ಕೈಗೆ ತಕ್ಕ ಹಂಗೆ ತಾನೆ ನೀನು ಇದನ್ನ ಮಾಡಿದ್ದು? ಸೊಟ್ಟ ಬೆರಳಿಗೆ ಸೊಟ್ಟ ಜಾಗ ಮಾಡಿಕೊಟ್ಟಿದೀಯ. ಇದೂ ಹಂಗೇ ಅಲ್ವಾ?"

ಮೌನಾಚಾರಿ ಹಿಡಿಯಲ್ಲಿದ್ದ ಆ ಸೊಟ್ಟ ಜಾಗವನ್ನು ಬೆರಳಿಂದ ಸವರಿ ನೋಡಿದ. ತಾನು ಮಾಡಿದ ಪಿಸ್ತೂಲು ಗುರಿ ತಪ್ಪುತ್ತದೆ ಎಂಬ ಮಾತು ಸೀಮೆಯಲ್ಲಿ ಹಬ್ಬುವುದು ಅವನಿಗೂ ಬೇಕಿರಲಿಲ್ಲ. ಅರ ತೆಗೆದ. ಮಣಿ ಅರ್ಧದಷ್ಟು ತಗ್ಗಿತು.

ಆಮೇಲೆ ನೋಡಿ ಚಮತ್ಕಾರ. ಹೊಡೆದ ಮೊದಲ ಗುಂಡಿಗೇ ಗಡಿಗೆ ಒಡೆಯಿತು. ಎರಡನೆಯದಕ್ಕೂ ಒಡೆಯಿತು. ಇದು ಹೇಗೆ ಎನ್ನುತ್ತೀರಾ? ಮಣಿ ತಗ್ಗಿದ್ದರಿಂದ ಅದನ್ನು ಗುರಿಯ ಮೇಲೆ ಕೂರಿಸಲು ನಳಿಗೆಯನ್ನು ಸ್ವಲ್ಪ ಮೇಲೆತ್ತಬೇಕಾಗುತ್ತಿತ್ತು. ಅದು ಎಷ್ಟು ಏಳುತ್ತಿತ್ತೋ, ಹೆದರಿದ ಕೈ ಅಷ್ಟೇ ಇಳಿಯುತ್ತಿತ್ತು. ಎರಡು ತಪ್ಪು ಸೇರಿ ಒಂದು ಸರಿ. ನಾಯಕ ಬಂದವರಿಗೆಲ್ಲ ಗಡಿಗೆ ಒಡೆದು ತೋರಿಸಿದ. ಊರಿನ ಕುಂಬಾರನಿಗೆ ಸುಗ್ಗಿಯಾಯಿತು. "ಗುರಿ ಅಂದ್ರೆ ನಾಯಕರದು" ಎಂದು ಜನ ಹೊಗಳಿದರು. ಚಿಗರಿ ಮಾತ್ರ ಪ್ರತಿ ಸದ್ದಿಗೂ ಓಡಿಹೋಗಿ ಪಾಪಮ್ಮನ ಸೀರೆಯ ಹಿಂದೆ ಅಡಗುತ್ತಿತ್ತು.

ಚಿರತೆ ಬಂದದ್ದು ನಲವತ್ತು ದಿನಗಳ ಮೇಲೆ. ಅಂದರೆ ಕೈಯನ್ನು ಒಂದು ಸಲ ಅಲ್ಲ, ಹೆಚ್ಚುಕಡಿಮೆ ಎರಡು ಸಲ ಪಳಗಿಸುವಷ್ಟು ಕಾಲ ಅದು ನಾಯಕನಿಗೆ ಕೊಟ್ಟಿತ್ತು.

ಬೆಳಗಿನ ಹೊತ್ತು. ಚಿಗರಿ ಹಿತ್ತಲಿನ ಕಲ್ಲುಬಾನಿಯಲ್ಲಿ ನೀರು ಕುಡಿಯುತ್ತಿತ್ತು. ನಾಯಕ ಜಗಲಿಯ ಮೇಲೆ ಹಲ್ಲುಜ್ಜುತ್ತಿದ್ದ. ದನದ ಕೊಟ್ಟಿಗೆಯ ಗೋಡೆಗೆ ಮೈ ಒತ್ತಿಕೊಂಡು ಏನೋ ಸರಿದಂತಾಯಿತು. ನೋಡಿದರೆ ಚಿರತೆ! ಚಿಗರಿಗೂ ಅದಕ್ಕೂ ನಡುವೆ ಒಂದೇ ನೆಗೆತದ ದೂರ. ನಾಯಕನಿಗೂ ಚಿರತೆಗೂ ನಡುವೆ ಹತ್ತು ಹೆಜ್ಜೆ, ದಿನವೂ ಗಡಿಗೆ ಒಡೆಯುತ್ತಿದ್ದಷ್ಟೇ ದೂರ.

ಸೊಂಟದಲ್ಲಿ ಮದ್ದು ತುಂಬಿಟ್ಟಿದ್ದ ಪಿಸ್ತೂಲು ಕೈಗೆ ಬಂತು. ಕೊಟ್ಟಿಗೆಯ ಸುಣ್ಣದ ಗೋಡೆಗೆ ಅಡ್ಡಲಾಗಿ ಒಂದು ಕೆಮ್ಮಣ್ಣಿನ ಪಟ್ಟಿ ಬಳಿದಿದ್ದರು. ಚಿರತೆಯ ಭುಜ ಸರಿಯಾಗಿ ಆ ಪಟ್ಟಿಯ ಮಟ್ಟಕ್ಕಿತ್ತು. ನಾಯಕ ಮಣಿಯನ್ನು ಅಲ್ಲಿ ಕೂರಿಸಿದ. ಸದ್ದು, ಹೊಗೆ, ಕಿಡಿ ಯಾವುದೂ ಅವನ ನೆನಪಿನಲ್ಲಿರಲಿಲ್ಲ. ಮನಸ್ಸಿನ ತುಂಬ ಚಿಗರಿ ಒಂದೇ. ಕಣ್ಣು ಮುಚ್ಚಲಿಲ್ಲ. ಕೈ ಕಲ್ಲಿನಂತೆ ನಿಂತಿತು. ಕುದುರೆ ಎಳೆದ.

ಗುಂಡು ಗೋಡೆಗೆ ಬಡಿಯಿತು. ಚಿರತೆ ನೆಗೆಯಿತು. ಚಿಗರಿ ಒಂದೇ ಒಂದು ಸಲ ಕೂಗಿತು. ಮರುಗಳಿಗೆ ಹಿತ್ತಲಲ್ಲಿ ಚಿರತೆಯೂ ಇಲ್ಲ, ಚಿಗರಿಯೂ ಇಲ್ಲ. ಬಾನಿಯ ನೀರು ಇನ್ನೂ ಅಲುಗುತ್ತಿತ್ತು.

ಆಳುಗಳು ಕೋಲು ಹಿಡಿದು ಗುಡ್ಡದವರೆಗೆ ಓಡಿ ಬರಿಗೈಯಲ್ಲಿ ಮರಳಿದರು. ನಾಯಕ ಗಂಡಸು, ಪಾಳೆಯಗಾರ ಎನ್ನುವುದನ್ನೆಲ್ಲ ಮರೆತು ಜಗಲಿಯ ಮೇಲೆ ಕೂತು ಗಳಗಳನೆ ಅತ್ತ. ಪಾಪಮ್ಮನೂ ಅತ್ತಳು. ಆಮೇಲೆ ನಾಯಕ ಮೌನಾಚಾರಿಗೆ ಹೇಳಿಕಳಿಸಿದ.

"ತಗೊಂಡು ಹೋಗು ಈ ದರಿದ್ರವನ್ನ" ಎಂದು ಪಿಸ್ತೂಲನ್ನು ಅವನ ಮುಂದೆ ಎಸೆದ. "ಗಡಿಗೆ ಒಡಿಯೋಕೆ ಆಗ್ತೈತೆ, ಬೇಕಾದಾಗ ಕೈ ಕೊಡ್ತೈತೆ."

ಮೌನಾಚಾರಿ ಪಿಸ್ತೂಲು ಎತ್ತಿಕೊಳ್ಳಲಿಲ್ಲ. "ಎಲ್ಲಿಗೆ ಗುರಿ ಹಿಡಿದ್ರಿ?" ಎಂದು ಕೇಳಿದ.

"ಭುಜಕ್ಕೆ. ಆ ಕೆಮ್ಮಣ್ಣಿನ ಪಟ್ಟಿ ಮೇಲೆ."

ಮೌನಾಚಾರಿ ಗೋಡೆಯ ಹತ್ತಿರ ಹೋದ. ಹೆಬ್ಬೆರಳನ್ನು ಪಟ್ಟಿಯ ಮೇಲಿಟ್ಟು ಗೇಣು ಚಾಚಿದ. ಕಿರುಬೆರಳು ನೇರವಾಗಿ ಗುಂಡಿನ ತೂತಿನಲ್ಲಿ ಕೂತಿತು. ಒಂದು ಗೇಣು. ಕೆಳಗಲ್ಲ, ಮೇಲೆ.

ತಿರುಗಿದಾಗ ಅವನ ಕಣ್ಣಲ್ಲೂ ನೀರಿತ್ತು.

"ನಾಯಕ್ರೆ, ಇವತ್ತು ನಿಮ್ಮ ಕೈ ಒಂದು ಚೂರೂ ಹೆದರಲಿಲ್ಲ."

ಮಾತು ಅರ್ಥವಾಗುತ್ತಲೇ ನಾಯಕ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ. ಕೈ ಸರಿಯಿತ್ತು. ಮಣಿ ಮೊದಲಿದ್ದಂತೆಯೇ ಇದ್ದಿದ್ದರೆ ಗುಂಡು ಭುಜಕ್ಕೇ ಬೀಳುತ್ತಿತ್ತು.

"ಹಂಗಾದ್ರೆ ಚಿಗರೀನ ಕೊಂದಿದ್ದು ಯಾರು ಆಚಾರಿ?"

"ಅರ ಹಾಕಿಸಿದವರು ನೀವು. ಗೊತ್ತಿದ್ದೂ ಅರ ಹಾಕಿದವನು ನಾನು. ಅವತ್ತು ನಾನು ಆಗಲ್ಲ ಅನ್ನಬೇಕಿತ್ತು."

ನಾಯಕ ಅವನನ್ನು ಬೈಯಲಿಲ್ಲ. "ಹೊಸ ಮಣಿ ಹಾಕಿಕೊಡು. ಮೊದಲು ಎಷ್ಟು ಎತ್ತರ ಇತ್ತೋ ಅಷ್ಟೇ ಇರಲಿ" ಎಂದ.

ಚಿರತೆ ಏನಾಯಿತು ಎಂದು ನೀವು ಕೇಳುತ್ತೀರಿ, ನನಗೆ ಗೊತ್ತು. ಅದು ಬೇರೆ ಗುಡ್ಡಕ್ಕೆ ಹೋಯಿತಂತೆ. ಬೊಮ್ಮನಗುಡ್ಡದ ಕಡೆ ಮತ್ತೆ ಬರಲಿಲ್ಲ. ಸೇಡು ತೀರಿಸಿಕೊಳ್ಳುವ ಅವಕಾಶವೂ ನಾಯಕನಿಗೆ ಸಿಗಲಿಲ್ಲ.

ಮುಂದೆ ಯಾರಾದರೂ ಮೌನಾಚಾರಿಯ ಕುಲುಮೆಗೆ ಬಂದು, "ಗುಂಡು ಯಾಕೋ ಕೆಳಗೆ ಬೀಳ್ತೈತೆ, ಮಣಿ ಒಂಚೂರು ತಗ್ಗಿಸಿಕೊಡು" ಎಂದು ಕೇಳಿದರೆ, ಅವನು ಅರ ಮುಟ್ಟುತ್ತಿರಲಿಲ್ಲ. "ಮೊದ್ಲು ನಾಯಕರನ್ನ ಕಂಡು ಬನ್ನಿ" ಎನ್ನುತ್ತಿದ್ದ. ಅವರು ಹೋಗುತ್ತಿದ್ದರು. ಮೀಸೆ ಬೆಳ್ಳಗಾದ ಪಾಳೆಯಗಾರ ಅವರನ್ನು ಜಗಲಿಯ ಮೇಲೆ ಕೂರಿಸಿಕೊಂಡು, ಹತ್ತು ಜನರ ಎದುರಿಗೇ, ತಗ್ಗಿದ ದನಿಯಲ್ಲಿ ಅಲ್ಲ, ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ:

"ನಾನು ಸದ್ದಿಗೆ ಹೆದರ್ತಿದ್ದೆ ಕಣಪ್ಪ. ಅದನ್ನ ಹೇಳ್ಕೊಳ್ಳೋಕೆ ನಾಚಿಕೆ ಆಯ್ತು. ಆ ನಾಚಿಕೆಗೆ ನನ್ನ ಚಿಗರೀನ ಕೊಟ್ಟೆ."

ನೀತಿ: ನಮ್ಮ ತಪ್ಪನ್ನು ಒಪ್ಪಿಕೊಳ್ಳಲು ನಾಚಿ, ಅದಕ್ಕೆ ಹೊಂದುವಂತೆ ಅಳತೆಯನ್ನೇ ಬದಲಿಸಿಕೊಂಡರೆ ದಿನದ ಕೆಲಸವೇನೋ ನಡೆದುಹೋಗುತ್ತದೆ, ನಾಲ್ಕು ಜನ ಹೊಗಳಲೂಬಹುದು. ಆದರೆ ನಾವು ನಿಜವಾಗಿ ಸರಿಯಿದ್ದ ದಿನ ಆ ಅಳತೆಯೇ ನಮ್ಮ ಗುರಿ ತಪ್ಪಿಸುತ್ತದೆ. ತಿದ್ದಬೇಕಾದದ್ದು ಕೈಯನ್ನು, ಮಣಿಯನ್ನಲ್ಲ.