ಕಳ್ಳರು ಸಾಲದೆ ಹೋದ ತಳವಾರ

"ನಮ್ಮ ಸೀಮೆಯಲ್ಲಿ ಇನ್ನು ಮೇಲೆ ಯಾರೂ ಹೋದ ವರ್ಷಕ್ಕಿಂತ ಕಡಿಮೆ ಮಾಡುವ ಹಾಗಿಲ್ಲ!" ಎಂದು ಕೆಂಗಲ್ಲುಕೋಟೆಯ ದೊರೆ ವೀರಚಿಕ್ಕ ನಾಯಕ ತುಂಬಿದ ಸಭೆಯಲ್ಲಿ ತೊಡೆ ತಟ್ಟಿ ಹೇಳಿದ. "ಹೋದ ವರ್ಷ ಒಂದು ಮಾಡಿದವನು ಈ ವರ್ಷ ಎರಡು ಮಾಡಬೇಕು. ಎರಡು ಮಾಡಿದವನು ಮೂರು. ಕಡಿಮೆ ಬಿದ್ದವನ ರುಮಾಲು ಕಿತ್ತು ಕೋಟೆ ಬಾಗಿಲಾಚೆಗೆ!"

ದೊರೆಯ ತಲೆಗೆ ಇದನ್ನು ತುಂಬಿದವನು ಹೊಸ ಮಂತ್ರಿ ಅಳಸಿಂಗಯ್ಯ. ಅವನು ಹೆಮ್ಮೆಯಿಂದ ಮೀಸೆ ಸವರಿಕೊಂಡ.

ಆಮೇಲೆ ನೋಡಬೇಕಿತ್ತು ಊರಿನ ಪಾಡು. ಸುಂಕದವನು ಬರುವ ಗಾಡಿಗೊಂದು ಸುಂಕ, ಹೋಗುವ ಗಾಡಿಗೊಂದು ಸುಂಕ ಹಾಕಿದ್ದು ಸಾಲದೆ, ಎತ್ತು ತಿರುಗಿ ನೋಡಿದ್ದಕ್ಕೂ ಒಂದು ಸುಂಕ ಎತ್ತಿದ. ಅರಮನೆಯ ಅಡುಗೆಯವನು ಸಾರಿಗೆ ಖಾರ ಹೆಚ್ಚಿಸಿ, ಉಪ್ಪು ಹೆಚ್ಚಿಸಿ, ದೊರೆಯ ಕಣ್ಣಲ್ಲಿ ನೀರು ಹೆಚ್ಚಿಸಿದ. ವೈದ್ಯರಂತೂ ಮನೆಮನೆಯ ಜಗುಲಿಗೆ ಬಂದು, "ಜ್ವರ ಬೇಡ ಬಿಡಿ, ಒಂದು ನೆಗಡಿಯಾದರೂ ಇದೆಯಾ ತಾಯಿ?" ಎಂದು ಕೇಳತೊಡಗಿದರು.

ಪಾಪ, ಸಿಕ್ಕಿಬಿದ್ದವನು ತಳವಾರ ದುರುಗಪ್ಪ. ಹೋದ ವರ್ಷ ಹತ್ತು ಕಳ್ಳರನ್ನು ಹಿಡಿದಿದ್ದ. ಅವನ ಕಾವಲಿಗೆ ಹೆದರಿ ಉಳಿದ ಕಳ್ಳರೆಲ್ಲ ಪಕ್ಕದ ಸೀಮೆಗೆ ಗುಳೆ ಹೋದರು. ಈ ವರ್ಷ ಒಬ್ಬನೂ ಸಿಗಲಿಲ್ಲ.

"ಹತ್ತರಿಂದ ಸೊನ್ನೆಗೆ!" ಎಂದು ಮಂತ್ರಿ ಸಭೆಯಲ್ಲಿ ಹಣೆ ಚಚ್ಚಿಕೊಂಡ. "ಇಂಥ ಸೋಮಾರಿಯನ್ನು ನಾನು ಕಂಡೇ ಇಲ್ಲ ಪ್ರಭು!"

"ನಾಳೆ ರಾಣಿಗೆ ಹುಟ್ಟಿದ ಮಗುವಿನ ತೊಟ್ಟಿಲ ಶಾಸ್ತ್ರ. ಶುಭಕಾರ್ಯ ಮುಗಿಯಲಿ, ನಾಡಿದ್ದು ರುಮಾಲು ಕೀಳೋಣ" ಎಂದ ದೊರೆ.

ಇದನ್ನೆಲ್ಲ ದೊರೆಯ ಪಕ್ಕದಲ್ಲೇ ನಿಂತು ಎಲೆ ಮಡಿಸುತ್ತ ಕೇಳುತ್ತಿದ್ದವಳು ಈರವ್ವ. ದೊರೆಗೆ ವೀಳ್ಯ ಕೊಡುವ ಕೆಲಸ ಅವಳದು. ತಳವಾರ ದುರುಗಪ್ಪ ಅವಳ ಗಂಡ.

ಸಂಜೆ ಮನೆಯಲ್ಲಿ ದುರುಗಪ್ಪ ಮೂಲೆ ಹಿಡಿದು ಕೂತಿದ್ದ. "ಈರಿ, ಕೆಲಸ ಹೋದರೆ ಈ ಮನೆಯೂ ಹೋಯಿತು. ಮಕ್ಕಳನ್ನು ಕಟ್ಟಿಕೊಂಡು ಎಲ್ಲಿಗೆ ಹೋಗೋಣ? ಒಂದು ಕೆಲಸ ಮಾಡಲಾ? ರಾತ್ರಿ ನಾನೇ ಒಂದು ಮೇಕೆ ಕದ್ದು, ಬೆಳಿಗ್ಗೆ ನನ್ನನ್ನೇ ನಾನು ಹಿಡಿದುಕೊಟ್ಟರೆ?"

"ನೀವಾ? ಮೇಕೆ ಕದಿಯೋದಾ?" ಈರವ್ವ ಮುದ್ದೆ ತಿರುವುತ್ತ ನಕ್ಕಳು. "ಮೇಕೆ ಸುಮ್ಮನಿದ್ದರೂ ನೀವು ಕೆಮ್ಮಿ ಊರೆಲ್ಲ ಎಬ್ಬಿಸುತ್ತೀರಿ. ಬನ್ನಿ, ಉಂಡು ಮಲಗಿ. ನಾಳೆ ನನ್ನ ಕೆಲಸ ನಾನು ಮಾಡುತ್ತೇನೆ."

ಆ ಅರಮನೆಯಲ್ಲೊಂದು ಪದ್ಧತಿಯಿತ್ತು. ತೊಟ್ಟಿಲ ಶಾಸ್ತ್ರದ ದಿನ ವೀಳ್ಯದವಳು ದೊರೆಯ ಬಾಯಿಗೆ ಮೊದಲ ವೀಳ್ಯವಿಟ್ಟು, ಮಗು ಹುಟ್ಟಿದ ಸುದ್ದಿಯನ್ನು ಸಭೆಗೆ ಸಾರಬೇಕು. ಆ ವೀಳ್ಯ ಬಾಯಲ್ಲಿರುವಷ್ಟು ಹೊತ್ತು ದೊರೆ ಯಾರ ಮೇಲೂ ಸಿಟ್ಟು ಮಾಡುವಂತಿಲ್ಲ, ಮಾಡಿದರೆ ಕೂಸಿಗೆ ಆಗಿಬರುವುದಿಲ್ಲ.

ಮಾರನೆಯ ದಿನ ಈರವ್ವ ಒಂದು ಕೈಯಲ್ಲಿ ಹಿಡಿಯಲಾಗದಂಥ ವೀಳ್ಯ ಮಡಿಸಿ ತಂದಳು.

"ಕೊಡುವ ಮೊದಲು ಒಂದು ಮಾತು ದೊರೆಗಳೇ. ಹೊಸ ಕಟ್ಟಳೆ ಎಲ್ಲರಿಗೂ ಒಂದೇ ತಾನೆ? ಅರಮನೆಯ ಒಳಗೂ?"

"ಒಳಗೇನು ಹೊರಗೇನು! ನನಗೂ ಅದೇ!" ಎಂದು ದೊರೆ ಎದೆಯುಬ್ಬಿಸಿ ಬಾಯಿ ತೆರೆದ. ಈರವ್ವ ವೀಳ್ಯವನ್ನು ತುರುಕಿದಳು. ದೊರೆಯ ಎರಡೂ ಕೆನ್ನೆ ಊದಿಕೊಂಡವು.

"ಮಹಾಜನಗಳೇ, ಕೇಳಿ!" ಈರವ್ವ ಸಭೆಯ ಕಡೆ ತಿರುಗಿದಳು. "ರಾಣಿಯಮ್ಮನವರಿಗೆ ಹೆಣ್ಣು ಮಗು. ಬಂಗಾರದಂಥ ಮಗು. ಆದರೆ ಹೇಳಲು ನಾಲಿಗೆ ಏಳುತ್ತಿಲ್ಲ. ಹೋದ ವರ್ಷ ಅರಮನೆಯಲ್ಲಿ ಅವಳಿ ಹುಟ್ಟಿದ್ದವು. ಕಟ್ಟಳೆಯ ಪ್ರಕಾರ ಈ ವರ್ಷ ಮೂರು ಆಗಬೇಕಿತ್ತು. ಆಗಿರುವುದು ಒಂದೇ."

ಪರದೆಯ ಹಿಂದೆ ರಾಣಿ ಕಿಸಕ್ಕನೆ ನಕ್ಕಿದ್ದು ಎಲ್ಲರಿಗೂ ಕೇಳಿಸಿತು.

"ರಾಣಿಯಮ್ಮನವರಿಗೆ ರುಮಾಲಿಲ್ಲ" ಎಂದು ಈರವ್ವ ಮುಂದುವರಿಸಿದಳು. "ಹಾಗಾಗಿ ಯಾರ ರುಮಾಲು ಕೀಳಬೇಕು ಅಂತ ಮಂತ್ರಿಗಳೇ ಹೇಳಲಿ."

ದೊರೆಯ ಕಣ್ಣು ಕೆಂಪಾಯಿತು. ಉಗುಳುವಂತಿಲ್ಲ, ಬೈಯುವಂತಿಲ್ಲ. ತಲೆಯ ಮೇಲಿನ ರುಮಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಗಿದ, ಅಗಿದ, ಅಗಿಯುತ್ತಲೇ ಇದ್ದ. ಕೊನೆಗೆ ಹೇಗೋ ನುಂಗಿ, "ಅಲ್ಲವೇ ಈರವ್ವ, ಇದು ನನ್ನ ಕೈಯಲ್ಲಿದೆಯೇನೇ? ಒಂದೇ ಬಂತು, ನಾನೇನು ಮಾಡಲಿ? ತಾಯಿ ಮಗು ಸುಖವಾಗಿದ್ದಾರೆ, ಅಷ್ಟು ಸಾಲದೇ?" ಎಂದ.

"ಸಾಕು ದೊರೆಗಳೇ, ಧಾರಾಳವಾಗಿ ಸಾಕು" ಎಂದು ಈರವ್ವ ಕೈಮುಗಿದಳು. "ನನ್ನ ಗಂಡನ ಕತೆಯೂ ಅದೇ. ಕಳ್ಳರು ಬರಲಿಲ್ಲ, ಅವರೇನು ಮಾಡಿಯಾರು? ಊರು ಬಾಗಿಲು ತೆರೆದಿಟ್ಟು ಮಲಗುತ್ತಿದೆ, ಅಷ್ಟು ಸಾಲದೇ?"

ದೊರೆ ರುಮಾಲಿನಿಂದ ಕೈ ತೆಗೆದ. ಮಂತ್ರಿಯ ಮುಖ ನೋಡಿದ.

ಅಳಸಿಂಗಯ್ಯ ಅಷ್ಟು ಹೊತ್ತೂ ಬೆರಳು ಮಡಿಸುತ್ತ ಲೆಕ್ಕ ಹಾಕುತ್ತಿದ್ದ. ಈಗ ಮುಖ ಅರಳಿಸಿಕೊಂಡು ಎದ್ದ. "ಪ್ರಭು, ಗಾಬರಿ ಬೇಡ, ದಾರಿಯಿದೆ. ಈ ವರ್ಷ ಒಂದಾಗಿದೆ, ಹಾಗಾಗಿ ಬರುವ ವರ್ಷಕ್ಕೆ ಎರಡು. ಅದಕ್ಕೆ ಈ ವರ್ಷದ ಬಾಕಿ ಎರಡು ಸೇರಿಸೋಣ. ಒಟ್ಟಿಗೆ ನಾಲ್ಕು ಆಗಿಬಿಟ್ಟರೆ ಎಲ್ಲ ಸರಿಹೋಗುತ್ತದೆ!"

ಪರದೆಯ ಹಿಂದಿನ ನಗು ಥಟ್ಟನೆ ನಿಂತಿತು. ಬಳೆಗಳು ಝಣ್ ಎಂದವು. ದೊರೆಯ ಮುಖ ಬಿಳಿಚಿಕೊಂಡಿತು. ಶತ್ರುಸೈನ್ಯ ಕೋಟೆಗೆ ಮುತ್ತಿಗೆ ಹಾಕಿದಾಗಲೂ ಅವನು ಅಷ್ಟು ಹೆದರಿರಲಿಲ್ಲ.

"ಈರವ್ವ," ಪರದೆಯ ಹಿಂದಿನಿಂದ ರಾಣಿಯ ದನಿ ಬಂತು, "ಮಂತ್ರಿಗಳಿಗೆ ಏನಾದರೂ ಹೇಳುತ್ತೀಯಾ, ನಾನೇ ಹೊರಗೆ ಬರಲಾ?"

"ನೀವ್ಯಾಕೆ ಏಳುತ್ತೀರಿ ರಾಣಿಯಮ್ಮ, ಹಸಿ ಬಾಣಂತಿ" ಎಂದು ಈರವ್ವ ಸೆರಗು ಸಿಕ್ಕಿಸಿಕೊಂಡು ಮಂತ್ರಿಯ ಕಡೆ ತಿರುಗಿದಳು. "ನಾಲ್ಕೇ ಆಗಲಿ ಸ್ವಾಮಿ. ಸೂಲಗಿತ್ತಿಗೆ ನಾನೇ ಹೇಳಿಡುತ್ತೇನೆ, ಹೆರಿಗೆ ಕೋಣೆಯಲ್ಲಿ ಚಾಪೆಯನ್ನೂ ಹಾಸಿಸುತ್ತೇನೆ. ನೀವು ಯಾವಾಗ ಬಂದು ಮಲಗುತ್ತೀರಿ, ಅಷ್ಟು ಹೇಳಿ ಸಾಕು."

ದೊರೆ ಸಿಂಹಾಸನದಿಂದ ಜಾರುವಷ್ಟು ನಕ್ಕ. ಕಟ್ಟಳೆಯನ್ನು ಅಲ್ಲೇ ರದ್ದು ಮಾಡಿದ. ದುರುಗಪ್ಪನನ್ನು ಕರೆಸಿ, ತನ್ನ ರುಮಾಲನ್ನು ತೆಗೆದು ಅವನ ತಲೆಗೆ ತಾನೇ ಸುತ್ತಿದ, ಈರವ್ವನಿಗೆ ಜರಿಯ ಸೀರೆ ಕೊಟ್ಟ.

ಅಳಸಿಂಗಯ್ಯ ಮಾತ್ರ ಬಹಳ ದಿನ ಸೂಲಗಿತ್ತಿ ಎದುರಿಗೆ ಬಂದರೆ ಓಣಿ ಬದಲಿಸುತ್ತಿದ್ದ.